ಮೆದುಳಿನ ಎಂಆರ್‌ಐ ಚಿತ್ರಕ್ಕೆ ಹೊರಗಿನ ಅಟ್ಲಾಸ್ ಸೇರಿಸುವುದು

ಮೆದುಳಿನ ಚಿತ್ರ ವಿಶ್ಲೇಷಿಸುವ ಎಫ್‌ಎಸ್‌ಎಲ್ ತಂತ್ರಾಂಶ ಹಾಕಿಕೊಂಡರೆ, ಮೆದುಳಿನ ಭಾಗಗಳನ್ನು ಗುರುತಿಸುವ ಹಾರ್ವರ್ಡ್-ಆಕ್ಸ್‌ಫರ್ಡ್ ಅಟ್ಲಾಸ್ ಜೊತೆಗೇ ಬರುತ್ತದೆ. ಹಲವರ ಕೆಲಸ ಅದರಲ್ಲೇ ಮುಗಿಯುತ್ತದೆ. ಹಿಪ್ಪೊಕ್ಯಾಂಪಸ್‌ನ ಒಳವಿಭಾಗಗಳನ್ನು ಅಳೆಯಬೇಕಾದಾಗ, ಅಥವಾ ಭಾರತೀಯರ ಮೆದುಳುಗಳಿಂದಲೇ ರೂಪಿಸಿದ್ದು ಬೇಕೆನಿಸಿದಾಗ ಹೊರಗಿನದನ್ನು ತರಬೇಕು. 6ರಿಂದ 60 ವರ್ಷದವರಿಗೆ ಹೊಂದುವ ಇಂಥ ಐದು ಟೆಂಪ್ಲೇಟ್‌ಗಳನ್ನು (ಮಾದರಿ ಮೆದುಳಿನ ಚಿತ್ರಗಳನ್ನು), ಅಟ್ಲಾಸ್ ಸಮೇತ, ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ್ದಾರೆ.

ಸೇರಿಸುವುದೇನೂ ಕಷ್ಟವಲ್ಲ. ಆದರೆ ತಪ್ಪಾಗಿ ಸೇರಿಸಿದರೂ ತಂತ್ರಾಂಶ ಎಷ್ಟೋ ಸಲ ತಕರಾರೆತ್ತುವುದಿಲ್ಲ. ಅಚ್ಚುಕಟ್ಟಾದ ಅಂಕಿಗಳನ್ನೇ ಕೊಡುತ್ತದೆ.

ಇಂಥ ಅಟ್ಲಾಸ್‌ನಲ್ಲಿ ಸಾಮಾನ್ಯವಾಗಿ ಎರಡು ಫೈಲ್ ಇರುತ್ತವೆ. ಒಂದು ನಿಫ್ಟಿ ಚಿತ್ರ; ಅದರ ಪ್ರತಿ ವೋಕ್ಸೆಲ್‌ನಲ್ಲೂ (ಮೂರು ಆಯಾಮದ ಚಿತ್ರಬಿಂದುವಿನಲ್ಲೂ) ಒಂದು ಪೂರ್ಣಾಂಕ. 0 ಇದ್ದರೆ ಅದು ಯಾವ ಭಾಗಕ್ಕೂ ಸೇರಿಲ್ಲ. ಯಾವ ಅಂಕಿ ಯಾವ ಭಾಗ ಎಂಬ ಪಟ್ಟಿ ಇನ್ನೊಂದು.

ಮೊದಲು ಅಟ್ಲಾಸ್ ಯಾವ ಟೆಂಪ್ಲೇಟ್ ಮೇಲೆ ನಿಂತಿದೆ ನೋಡಿ. ಎಫ್‌ಎಸ್‌ಎಲ್‌ನ 2 ಮಿ.ಮೀ. ಎಂಎನ್‌ಐ152 ಚಿತ್ರದ ಅಳತೆ 91×109×91. ನಿಮ್ಮ ಅಟ್ಲಾಸ್ ಬೇರೆ ಟೆಂಪ್ಲೇಟಿನದಾದರೆ ಅದನ್ನು ಈ ಅಳತೆಗೆ ತಂದರಷ್ಟೇ ಸಾಲದು. ಒಂದು ಟೆಂಪ್ಲೇಟನ್ನು ಇನ್ನೊಂದಕ್ಕೆ ಹೊಂದಿಸಿ, ಆ ರೂಪಾಂತರವನ್ನೇ ಅಟ್ಲಾಸ್‌ಗೂ ಅನ್ವಯಿಸಬೇಕು.

ಹೆಚ್ಚಿನವರು ಎಡವುವುದು ಇಲ್ಲೇ. 10 ಮತ್ತು 20ನೇ ಭಾಗಗಳ ಗಡಿಯಲ್ಲಿ ಸಾಮಾನ್ಯ ಇಂಟರ್‌ಪೊಲೇಷನ್ ಸರಾಸರಿ ತೆಗೆದು 15 ಎಂದು ಬರೆದುಬಿಡಬಹುದು. 15 ಎಲ್ಲೋ ದೂರದ ಇನ್ನೊಂದು ಭಾಗ! ಅದಕ್ಕೇ ನಿಯರೆಸ್ಟ್ ನೈಬರ್ ವಿಧಾನವನ್ನೇ ಆರಿಸಬೇಕು. ಎಫ್‌ಎಸ್‌ಎಲ್‌ನ ಅಪ್ಲೈವಾರ್ಪ್ ಆದೇಶದಲ್ಲಿ ಇಂಟರ್ಪ್ ಆಯ್ಕೆಗೆ ಎನ್‌ಎನ್ ಎಂದು ಕೊಟ್ಟರಾಯಿತು.

ಪಟ್ಟಿಯನ್ನೂ ನಂಬಿ ಕೂರಬೇಡಿ. ಹಾರ್ವರ್ಡ್-ಆಕ್ಸ್‌ಫರ್ಡ್‌ನ ಕಾರ್ಟೆಕ್ಸ್ ಅಟ್ಲಾಸ್‌ನಲ್ಲಿ ಫ್ರಂಟಲ್ ಪೋಲ್‌ಗೆ ಎಕ್ಸ್‌ಎಂಎಲ್ ಪಟ್ಟಿಯ ಸಂಖ್ಯೆ 0, ಗರಿಷ್ಠ ಸಂಭಾವ್ಯತೆಯ ಚಿತ್ರದಲ್ಲಿ 1. ಗಮನಿಸದಿದ್ದರೆ ಒಂದು ಭಾಗದ ಫಲಿತಾಂಶ ಪಕ್ಕದ ಹೆಸರಿಗೆ ಬೀಳುತ್ತದೆ. ಎಎಎಲ್ ಎಂಬ ಇನ್ನೊಂದು ಅಟ್ಲಾಸ್‌ನ ಕೆಲವು ಆವೃತ್ತಿಗಳಲ್ಲಂತೂ ಅಂಕಿಗಳು 2001, 2002 ಎಂದು ಸಾಗಿ ನಡುವೆ ಜಿಗಿಯುತ್ತವೆ.

ಆಮೇಲೆ ಎಫ್‌ಎಸ್‌ಎಲ್‌ನ ಚಿತ್ರವೀಕ್ಷಕ ಎಫ್‌ಎಸ್‌ಎಲ್‌ಐಸ್‌ನಲ್ಲಿ ಅಟ್ಲಾಸನ್ನು ಮೆದುಳಿನ ಚಿತ್ರದ ಮೇಲಿಟ್ಟು ನೋಡಿ. ವೆಂಟ್ರಿಕಲ್‌ಗಳ ಒಳಗೆ ಕಾರ್ಟೆಕ್ಸ್‌ನ ಬಣ್ಣ ಹರಡಿದೆಯೇ? ಎಡದ ಭಾಗ ಎಡದಲ್ಲೇ ಇದೆಯೇ? ಮೆದುಳು ಬಹುಮಟ್ಟಿಗೆ ಸಮರೂಪಿಯಾದ್ದರಿಂದ ಎಡಬಲ ಅದಲುಬದಲಾದರೂ ಬರಿಗಣ್ಣಿಗೆ ಗೊತ್ತಾಗದು. ಹೆಸರಿನಲ್ಲಿ 'ಎಡ' ಎಂದಿರುವ ಒಂದು ಭಾಗದ ಮೇಲೆ ಕ್ಲಿಕ್ ಮಾಡಿ ಎಕ್ಸ್ ನಿರ್ದೇಶಾಂಕ ಋಣ ಸಂಖ್ಯೆಯೇ ನೋಡಿ.

ಕೊನೆಗೆ, ಪ್ರತಿ ಭಾಗದ ವೋಕ್ಸೆಲ್‌ಗಳನ್ನು ಎಣಿಸಿ. 1 ಮಿ.ಮೀ. ಅಟ್ಲಾಸನ್ನು 3 ಮಿ.ಮೀ. ಎಫ್‌ಎಂಆರ್‌ಐ ಚಿತ್ರಕ್ಕೆ ಇಳಿಸಿದಾಗ 27 ವೋಕ್ಸೆಲ್‌ಗಳ ಜಾಗ ಒಂದಕ್ಕೆ ಇಳಿಯುತ್ತದೆ. ಅಮಿಗ್ಡಲದ ಪುಟ್ಟ ನ್ಯೂಕ್ಲಿಯಸ್‌ಗೆ ಮೂರೋ ನಾಲ್ಕೋ ವೋಕ್ಸೆಲ್ ಉಳಿದರೆ, ಅದರ ಸರಾಸರಿಯನ್ನು ಕೋಷ್ಟಕಕ್ಕೆ ಸೇರಿಸದಿರುವುದೇ ಮೇಲು.