ಬಚ್ಚಲುಮನೆಯಿಂದ ಪ್ರಯೋಗಾಲಯಕ್ಕೆ: ರೋಗಿ ನೋಡುತ್ತಲೇ ಸಂಶೋಧನೆ

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಕಳೆದ ತಿಂಗಳು ಜೀವಶಾಸ್ತ್ರದ ತರಗತಿ ಮುಗಿದ ಮೇಲೆ ಬಂದು ಕೇಳಿದಳು: "ಸರ್, ಡಾಕ್ಟರ್ ಆದ್ರ ಬರೇ ಪೇಶಂಟ್ ನೋಡೋದ ಏನ್ರಿ? ಸಂಶೋಧನಾ ಮಾಡಬೇಕಂದ್ರ ಆಸ್ಪತ್ರಿ ಬಿಡಬೇಕಾಗ್ತದ?" ನೀಟ್ ತಯಾರಿಯ ಗದ್ದಲದಲ್ಲಿ ಯಾರೂ ಕೇಳದ ಪ್ರಶ್ನೆ ಇದು. ಬಿಡಬೇಕಿಲ್ಲ ಎಂದು ಅಂದು ಚುಟುಕಾಗಿ ಉತ್ತರಿಸಿದ್ದೆ. ಪೂರ್ತಿ ಉತ್ತರಕ್ಕೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಹೇಳುತ್ತೇನೆ.

ನಮ್ಮ ಮನೆಗಳಲ್ಲಿ ತಲೆಗೆ ಎರೆದುಕೊಳ್ಳುವ ದಿನ ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ. ತಂಬಿಗೆಯ ಮೇಲೆ ತಂಬಿಗೆ ಬಿಸಿನೀರು ನೆತ್ತಿಗೆ ಸುರಿಯುತ್ತೇವೆ. ಹಾಗೆ ಸುರಿದುಕೊಳ್ಳುವಾಗಲೇ ಕೆಲವರಿಗೆ ಕಣ್ಣು ಮಂಜಾಗಿ, ಮಾತು ತಡವರಿಸಿ, ಮೂರ್ಛೆ ಬರುತ್ತದೆ. ಮೈಗೆ ಮಾತ್ರ ನೀರು ಹಾಕಿಕೊಂಡರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಳ್ಳಿಗಳಲ್ಲಿ ಇದಕ್ಕೆ ಗಾಳಿ, ದೃಷ್ಟಿ ಎಂದು ಹೆಸರಿಟ್ಟು ತಾಯಿತ ಕಟ್ಟಿದ್ದನ್ನು ನೀವೂ ನೋಡಿರಬಹುದು.

ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಅವರ ಬಳಿಗೂ ಇಂಥ ರೋಗಿಗಳು ಬರುತ್ತಿದ್ದರು. ಪ್ರತಿಯೊಬ್ಬರಿಗೂ ಮಾತ್ರೆ ಬರೆದು ಕಳಿಸಿದ್ದರೆ ವೈದ್ಯರಾಗಿ ಅವರ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಅವರು ಮತ್ತು ಸಂಗಡಿಗರು ಹೆಚ್ಚುವರಿಯಾಗಿ ಮಾಡಿದ ಕೆಲಸವೆಂದರೆ ಕೇಳಿದ್ದು, ಬರೆದಿಟ್ಟದ್ದು, ಕೂಡಿಸಿ ನೋಡಿದ್ದು. 1968ರಲ್ಲಿ 'ನ್ಯೂರಾಲಜಿ ಇಂಡಿಯಾ' ಪತ್ರಿಕೆಯಲ್ಲಿ ಮೊದಲ ವರದಿ ಬಂತು. 1974ರ ಹೊತ್ತಿಗೆ 108 ರೋಗಿಗಳ ವಿವರ ಸೇರಿತ್ತು. ನ್ಯೂಜಿಲೆಂಡಿನಿಂದ 1945ರಲ್ಲೇ ಇಂಥ ಒಂದು ಪ್ರಕರಣ ವರದಿಯಾಗಿತ್ತು, ಆದರೆ ಇಷ್ಟು ದೊಡ್ಡ ಸಂಖ್ಯೆ ಕಂಡದ್ದು ದಕ್ಷಿಣ ಭಾರತದಲ್ಲಿ. ಇದನ್ನು ಬಿಸಿನೀರಿನ ಅಪಸ್ಮಾರ ಎನ್ನುತ್ತಾರೆ.

ಮುಂದೆ ನಿಮ್ಹಾನ್ಸ್‌ನಲ್ಲಿ ಡಾ. ಪಿ. ಸತೀಶ್‌ಚಂದ್ರ ಈ ಎಳೆಯನ್ನು ಹಿಡಿದರು. 1988ರಲ್ಲಿ 'ಎಪಿಲೆಪ್ಸಿಯಾ' ಪತ್ರಿಕೆಯಲ್ಲಿ ಅವರ ತಂಡ 279 ರೋಗಿಗಳ ಅಧ್ಯಯನ ಪ್ರಕಟಿಸಿತು. ಆಮೇಲೆ ಪ್ರಶ್ನೆ ಪ್ರಯೋಗಾಲಯಕ್ಕೆ ಹೋಯಿತು: ಇಲಿಗಳ ತಲೆಯ ಮೇಲೆ ಬಿಸಿನೀರು ಬಿಟ್ಟು ಮಿದುಳಿನಲ್ಲಿ ಆಗುವ ಬದಲಾವಣೆಯನ್ನು ನೋಡಿದರು. ಕೆಲವು ಮನೆತನಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಬರುವುದರಿಂದ ಜೀನ್‌ಗಳ ಹುಡುಕಾಟವೂ ನಡೆಯಿತು. ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಕೆಲಸದಲ್ಲಿ ಕೈಜೋಡಿಸಿ, 2009ರಲ್ಲಿ 10ನೇ ಹಾಗೂ 4ನೇ ವರ್ಣತಂತುಗಳಲ್ಲಿ ಎರಡು ಜಾಗಗಳನ್ನು ಗುರುತಿಸಿದರು. ಬಚ್ಚಲುಮನೆಯಲ್ಲಿ ಹುಟ್ಟಿದ ಪ್ರಶ್ನೆ ಡಿಎನ್ಎವರೆಗೆ ಹೋಗಿದೆ ನೋಡಿ! ಡಾ. ಸತೀಶ್‌ಚಂದ್ರ ಮುಂದೆ ಅದೇ ನಿಮ್ಹಾನ್ಸ್‌ನ ನಿರ್ದೇಶಕರಾದರು.

ರೋಗಿಗಳಿಗೆ ಇದರಿಂದ ಸಿಕ್ಕಿದ್ದೇನು? ಉಗುರುಬೆಚ್ಚಗಿನ ನೀರು ಬಳಸಿದರೆ ಬಹಳಷ್ಟು ಜನರಿಗೆ ಮೂರ್ಛೆ ಬರುವುದೇ ಇಲ್ಲ. ಅಷ್ಟಕ್ಕೂ ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ-ಎರಡು ತಾಸು ಮೊದಲು ಮಾತ್ರೆ ಕೊಡುವ ಕ್ರಮವನ್ನೂ ವೈದ್ಯರು ಕಂಡುಕೊಂಡರು. (ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗುತ್ತಿದ್ದರೆ ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬೇಡಿ ಎನ್ನಿ, ವೈದ್ಯರಿಗೆ ತೋರಿಸಿ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಾವಾಗಿಯೇ ನಿಲ್ಲಿಸಬಾರದು. ಕೈಗೆ ಕೀಲಿಕೈ, ಕಬ್ಬಿಣ ಕೊಡುವುದರಿಂದ ಏನೂ ಪ್ರಯೋಜನವಿಲ್ಲ.)

ಡಾ. ಮಣಿ ಅಷ್ಟಕ್ಕೇ ನಿಲ್ಲಲಿಲ್ಲ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ, ದೊಡ್ಡ ಆಸ್ಪತ್ರೆಯ ಸೌಲಭ್ಯವಿಲ್ಲದ ಹಳ್ಳಿಗಳಲ್ಲಿ, ಅಗ್ಗದ ಹಳೆಯ ಮಾತ್ರೆಗಳಾದ ಫಿನೋಬಾರ್ಬಿಟಾಲ್ ಮತ್ತು ಫಿನಿಟಾಯಿನ್‌ಗಳಿಂದಲೇ ಮೂರ್ಛೆಯನ್ನು ಹತೋಟಿಗೆ ತರಬಹುದೇ ಎಂದು ವರ್ಷಗಟ್ಟಲೆ ಪರೀಕ್ಷಿಸಿದರು. 2001ರಲ್ಲಿ 'ಲ್ಯಾನ್ಸೆಟ್' ಅದನ್ನು ಪ್ರಕಟಿಸಿತು. ನನಗೆ ಬಿಸಿನೀರಿನ ಕಥೆಗಿಂತ ಇದೇ ಹೆಚ್ಚು ಇಷ್ಟ. ಬೇಕಾದ ಔಷಧ ಮೊದಲೇ ಇತ್ತು, ಅದು ಹಳ್ಳಿಯಲ್ಲಿ ಕೆಲಸ ಮಾಡುತ್ತದೆಯೇ ಎಂದು ತೋರಿಸುವುದಷ್ಟೇ ಬಾಕಿ ಇತ್ತು.

ಈಗ ನಿಮ್ಮ ವಿಷಯ. ಎಂ.ಬಿ.ಬಿ.ಎಸ್. ಅಥವಾ ಬಿ.ಡಿ.ಎಸ್. ಓದುತ್ತಿರುವಾಗಲೇ ಸಂಶೋಧನೆ ಆರಂಭಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಲ್ಪಾವಧಿ ವಿದ್ಯಾರ್ಥಿವೇತನ 1979ರಿಂದಲೂ ಇದೆ. ನಿಮ್ಮ ಕಾಲೇಜಿನ ಒಬ್ಬ ಪ್ರಾಧ್ಯಾಪಕರನ್ನು ಮಾರ್ಗದರ್ಶಕರನ್ನಾಗಿ ಮಾಡಿಕೊಂಡು ಒಂದು ಸಣ್ಣ ಪ್ರಸ್ತಾವನೆ ಕಳಿಸಬೇಕು. ಆಯ್ಕೆಯಾದರೆ ಎರಡು ತಿಂಗಳ ಕೆಲಸ, ಕೊನೆಗೆ ವರದಿ. ವಿಜಯಪುರದಲ್ಲೇ ಅಲ್-ಅಮೀನ್ ಮತ್ತು ಬಿ.ಎಲ್.ಡಿ.ಇ. ಎರಡು ವೈದ್ಯಕೀಯ ಕಾಲೇಜುಗಳಿವೆ, ಇದಕ್ಕಾಗಿ ದೂರ ಹೋಗಬೇಕೆಂದಿಲ್ಲ. ಎಂ.ಡಿ., ಎಂ.ಎಸ್. ಮಾಡುವವರು ಪ್ರಬಂಧ ಬರೆಯಲೇಬೇಕು. ಅವರಿಗೆ ಸಂಶೋಧನಾ ವಿಧಾನ ಕಲಿಸುವ ಆನ್‌ಲೈನ್ ಕೋರ್ಸನ್ನು ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ನಡೆಸುತ್ತದೆ.

ಮೆಡಿಕಲ್ ಸೀಟು ಸಿಗದಿದ್ದರೆ ಎಲ್ಲ ಮುಗಿಯಿತು ಎಂದುಕೊಳ್ಳುವವರೇ ನಮ್ಮಲ್ಲಿ ಹೆಚ್ಚು. ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಒಂದು ಪಠ್ಯವೇ ಆಗಿದೆ. ರೋಗಿಯ ಹಾಸಿಗೆಯ ಪಕ್ಕ ಹೆಚ್ಚು ಹೊತ್ತು ಇರುವವರು ನರ್ಸ್‌ಗಳೇ ಅಲ್ಲವೇ? ಡಾಕ್ಟರು ಐದು ನಿಮಿಷದಲ್ಲಿ ಕಾಣದ್ದು ಅವರಿಗೆ ರಾತ್ರಿ ಪಾಳಿಯಲ್ಲಿ ಕಾಣುತ್ತದೆ. ಕಬ್ಬು ಕಡಿಯುವ ಹೆಂಗಸರ ಬೆನ್ನುನೋವಿನ ಬಗ್ಗೆ ಫಿಸಿಯೋಥೆರಪಿ ಓದಿದವರು ನಮ್ಮ ಸುತ್ತಲಿನ ಊರುಗಳಲ್ಲೇ ಒಳ್ಳೆಯ ಅಧ್ಯಯನ ಮಾಡಬಹುದು.

ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಹೊರರೋಗಿ ವಿಭಾಗದ ಸಾಲು ಮುಗಿದ ಮೇಲೆ ಬರೆಯಲು ಕೂರುವುದು ಸುಲಭವಲ್ಲ, ಆ ಸಮಯಕ್ಕೆ ಹೆಚ್ಚಿನ ಸಂಬಳವೂ ಬಹುತೇಕ ಇರುವುದಿಲ್ಲ. ಬಡ್ತಿಗಾಗಿ ಯಾರದೋ ಲೇಖನದಲ್ಲಿ ಹೆಸರು ಸೇರಿಸಿಕೊಳ್ಳುವವರೂ ಇದ್ದಾರೆ, ಅದನ್ನು ನಾನು ಸಂಶೋಧನೆ ಎನ್ನಲಾರೆ. ರೋಗಿ ನಮ್ಮ ಊರಿನವನೇ, ಪರಿಚಯದವನೇ ಆದರೂ ಅವನ ವಿವರ ಬಳಸಲು ಒಪ್ಪಿಗೆ ಬೇಕು, ಆಸ್ಪತ್ರೆಯ ನೈತಿಕ ಸಮಿತಿಯ ಅನುಮತಿ ಬೇಕು. ಒಲ್ಲೆ ಎಂದವನಿಗೆ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ಕಡಿಮೆ ಮಾಡುವಂತಿಲ್ಲ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ಒಂದು ಕೆಲಸ ಕೊಟ್ಟಿದ್ದೇನೆ. ಮನೆಯಲ್ಲಿ ತಲೆಸ್ನಾನದ ನೀರಿನ ಉಷ್ಣತೆಯನ್ನು ನಮ್ಮ ಲ್ಯಾಬಿನ ಥರ್ಮಾಮೀಟರಿನಿಂದ ಅಳೆದು ಒಂದು ತಿಂಗಳು ಬರೆದಿಡಬೇಕು. ಮೊದಲ ವಾರದ ಪುಟ ಬಂದಿದೆ. ಎರಡು ದಿನ ಅಳೆಯಲು ಮರೆತಿದ್ದಾಳೆ, ಅದನ್ನೂ ಹಾಗೆಯೇ ಬರೆದಿದ್ದಾಳೆ.