ಹಳೆಯ ದೊಡ್ಡ ಕ್ಯಾಮರಾವೋ, ಕಿಸೆಯ ಸಣ್ಣ ಕ್ಯಾಮರಾವೋ?

ಕಳೆದ ವರ್ಷ ಶಾಲೆಯ ವಾರ್ಷಿಕೋತ್ಸವ ಮುಗಿದ ಮರುದಿನ ವಿದ್ಯಾರ್ಥಿಯೊಬ್ಬನ ತಂದೆಯವರು ನನ್ನನ್ನು ಕಂಡು, “ಮಾಸ್ಟ್ರೇ, ಮಗನಿಗೆ ಒಂದು ಕ್ಯಾಮರಾ ಬೇಕಂತೆ. ಪೇಟೆಯಲ್ಲಿ ವಿಚಾರಿಸಿದೆ. ಬಳಸಿದ ದೊಡ್ಡ ಕ್ಯಾಮರಾ ಒಂದಿದೆ. ಅದೇ ಬೆಲೆಗೆ ಕಿಸೆಯಲ್ಲಿ ಹಿಡಿಯುವ ಸಣ್ಣದೂ ಒಂದಿದೆ. ಯಾವುದನ್ನು ತೆಗೆಯುವುದು?” ಎಂದು ಕೇಳಿದರು. ಅಡಿಕೆ ಮಾರಿ ಬಂದ ಹಣದಲ್ಲಿ ಒಂದಂಶವನ್ನು ತೆಗೆದಿರಿಸಿಕೊಂಡು ಕೇಳಿದ ಪ್ರಶ್ನೆ ಅದು. ಯಾವುದಾದರೂ ಆದೀತೆಂದು ಹೇಳಿ ಕಳುಹಿಸುವಂತಿರಲಿಲ್ಲ. ಅಂದು ಅವರೊಡನೆ ಆಡಿದ ಮಾತುಗಳನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇತರ ಮನೆಗಳಲ್ಲಿಯೂ ಎದ್ದಿರಬಹುದು.

ಎರಡರ ರಚನೆ

ದೊಡ್ಡ ಕ್ಯಾಮರಾವನ್ನು ಡಿ.ಎಸ್.ಎಲ್.ಆರ್. ಎಂದು ಕರೆಯುತ್ತಾರೆ. ಡಿಜಿಟಲ್ ಸಿಂಗಲ್ ಲೆನ್ಸ್ ರಿಫ್ಲೆಕ್ಸ್ ಎಂಬುದು ಅದರ ಪೂರ್ಣ ಹೆಸರು. ಲೆನ್ಸಿನ ಮೂಲಕ ಒಳಹೊಕ್ಕ ಬೆಳಕು, ಓರೆಯಾಗಿ ನಿಲ್ಲಿಸಿದ ಒಂದು ಕನ್ನಡಿಗೆ ತಾಗಿ ಮೇಲಕ್ಕೆ ಹೊರಳುತ್ತದೆ. ಅಲ್ಲಿಂದ ಪಟ್ಟಕದ ಮೂಲಕ ಸಾಗಿ ನೋಡುವವನ ಕಣ್ಣನ್ನು ಸೇರುತ್ತದೆ. ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಕನ್ನಡಿ ಮೇಲಕ್ಕೇಳುವುದು, ಶಟರೆಂಬ ಕದ ತೆರೆಯುವುದು, ಬೆಳಕು ಹಿಂದಿರುವ ಸೆನ್ಸರಿನ ಮೇಲೆ ಬೀಳುವುದು. ಟಪ್ಪೆಂಬ ಸದ್ದು ಈ ಕನ್ನಡಿ ಮತ್ತು ಕದಗಳದ್ದೇ. ಇದರ ಲೆನ್ಸನ್ನು ಬಿಚ್ಚಿ ಬೇರೊಂದನ್ನು ತೊಡಿಸಬಹುದು.

ಸಣ್ಣ ಕ್ಯಾಮರಾದಲ್ಲಿ ಕನ್ನಡಿಯಿಲ್ಲ, ಪಟ್ಟಕವಿಲ್ಲ. ಬೆಳಕು ನೇರವಾಗಿ ಸೆನ್ಸರಿಗೆ ಬೀಳುತ್ತದೆ. ಅದು ಕಂಡದ್ದನ್ನು ಹಿಂಬದಿಯ ಪರದೆ ತೋರಿಸುತ್ತದೆ. ಲೆನ್ಸು ಒಡಲಿಗೆ ಅಂಟಿಕೊಂಡೇ ಇರುತ್ತದೆ. ಕೆಲಸ ಮುಗಿದಾಗ ಆಮೆಯ ತಲೆಯಂತೆ ಒಳಗೆ ಸರಿಯುತ್ತದೆ. ಕಿಸೆಯಲ್ಲಿ ಹಿಡಿಯುವುದು ಇದರಿಂದಲೇ.

ಡಿ.ಎಸ್.ಎಲ್.ಆರ್. ಮೊದಲು ಪತ್ರಿಕೆಯವರ ಸೊತ್ತಾಗಿತ್ತು. ೧೯೯೧ರಲ್ಲಿ ಕೊಡಾಕ್ ಕಂಪೆನಿಯು ನಿಕಾನ್ ಎಫ್ ೩ ಎಂಬ ಫಿಲ್ಮ್ ಕ್ಯಾಮರಾದ ಒಡಲನ್ನೇ ಬಳಸಿ ಇಂತಹ ಒಂದನ್ನು ಮಾರಾಟಕ್ಕೆ ತಂದಿತು. ೨೦೦೩ರಲ್ಲಿ ಕ್ಯಾನನ್ ೩೦೦ಡಿ ಎಂಬುದು ಸಾವಿರ ಡಾಲರಿಗಿಂತ ಕಡಮೆ ಬೆಲೆಗೆ ಬಂದಾಗ ಸಾಮಾನ್ಯರೂ ಅದರ ಕಡೆ ನೋಡತೊಡಗಿದರು. ೨೦೧೮ರಲ್ಲಿ ನಿಕಾನ್, ಕ್ಯಾನನ್ ಎರಡೂ ಕಂಪೆನಿಗಳು ಕನ್ನಡಿಯಿಲ್ಲದ ಹೊಸ ಬಗೆಯ ದೊಡ್ಡ ಕ್ಯಾಮರಾಗಳ ಸಾಲನ್ನು ಆರಂಭಿಸಿದವು. ಹೊಸದಕ್ಕೆ ಹೋದವರು ಹಳೆಯದನ್ನು ಮಾರುತ್ತಿದ್ದಾರೆ. ಒಂದು ಕಾಲಕ್ಕೆ ದೊಡ್ಡ ಬೆಲೆಯ ವಸ್ತು ಇಂದು ನಮ್ಮಂಥವರ ಕೈಗೆಟುಕುವುದಕ್ಕೆ ಕಾರಣ ಇದೇ. ಅದು ಕೆಟ್ಟುಹೋಗಿ ಅಗ್ಗವಾದದ್ದಲ್ಲ.

ಬೆಳಕು ಹಿಡಿಯುವ ಪಾತ್ರೆ

ಆಷಾಢದ ಮಳೆಯಲ್ಲಿ ಅಂಗಳದಲ್ಲಿ ಒಂದು ಲೋಟವನ್ನೂ ಒಂದು ಅಗಲವಾದ ಪರಾತವನ್ನೂ ಇಟ್ಟರೆ, ಒಂದೇ ಹೊತ್ತಿನಲ್ಲಿ ಯಾವುದರಲ್ಲಿ ಹೆಚ್ಚು ನೀರು ಸೇರುವುದೆಂದು ಮಕ್ಕಳು ಬಲ್ಲರು. ಮಳೆ ಎರಡಕ್ಕೂ ಒಂದೇ. ಬಾಯಿಯ ಅಗಲ ಬೇರೆ. ಕ್ಯಾಮರಾದ ಸೆನ್ಸರು ಬೆಳಕನ್ನು ಹಿಡಿಯುವ ಇಂತಹ ಪಾತ್ರೆ. ನಿಕಾನ್ ಡಿ ೯೦ ಎಂಬ ೨೦೦೮ರ ಡಿ.ಎಸ್.ಎಲ್.ಆರ್.ನ ಸೆನ್ಸರು ೨೩.೬ ಮಿಲಿಮೀಟರ್ ಅಗಲ, ೧೫.೮ ಮಿಲಿಮೀಟರ್ ಎತ್ತರ. ಸಾಮಾನ್ಯ ಕಿಸೆ ಕ್ಯಾಮರಾದ್ದು ಸುಮಾರು ೬.೨ಕ್ಕೆ ೪.೬ ಮಿಲಿಮೀಟರ್. ಗುಣಿಸಿ ನೋಡಿದರೆ ಮೊದಲನೆಯದು ೩೭೩ ಚದರ ಮಿಲಿಮೀಟರ್, ಎರಡನೆಯದು ಬರಿಯ ೨೮. ಹದಿಮೂರು ಪಾಲು ವ್ಯತ್ಯಾಸ!

ಹಗಲಿನ ಬಿಸಿಲಿನಲ್ಲಿ ಈ ಭೇದವು ಅಷ್ಟಾಗಿ ಕಾಣುವುದಿಲ್ಲ. ಜಡಿಮಳೆಯಲ್ಲಿ ಲೋಟವೂ ಬೇಗನೆ ತುಂಬುವುದಷ್ಟೆ. ಆದರೆ ಇರುಳಿನಲ್ಲಿ ಬೆಳಕು ತುಂತುರು ಮಳೆಯಂತೆ. ಆಗ ಸಣ್ಣ ಸೆನ್ಸರು ತನ್ನ ಸಂಕೇತವನ್ನು ಕೃತಕವಾಗಿ ಹಿಗ್ಗಿಸಿಕೊಳ್ಳಬೇಕಾಗುತ್ತದೆ. ಚಿತ್ರದ ಮೇಲೆ ಮರಳು ಚೆಲ್ಲಿದಂತೆ ಚುಕ್ಕೆಗಳೇಳುತ್ತವೆ.

ಇದನ್ನು ನಾವು ಅನುಭವದಿಂದಲೇ ಕಲಿತೆವು. ೨೦೧೦ರ ವಾರ್ಷಿಕೋತ್ಸವದಲ್ಲಿ ನಮ್ಮ ಮಕ್ಕಳು ಯಕ್ಷಗಾನವಾಡಿದರು. ಈ ನೆಲ ಕುಂಬಳೆಯ ಪಾರ್ತಿಸುಬ್ಬನ ನೆಲ. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕವೂ ಕನ್ನಡವು ಇಲ್ಲಿ ಉಳಿದಿರುವುದು ಶಾಲೆಯ ಪಾಠದಿಂದ ಎಷ್ಟೋ, ರಂಗಸ್ಥಳದ ಮಾತಿನಿಂದಲೂ ಅಷ್ಟೇ. ಅಂದಿನ ಆಟವನ್ನು ನಾನು ಕಿಸೆ ಕ್ಯಾಮರಾದಲ್ಲಿ ಹಿಡಿಯಲು ಹೋದೆ. ಫ್ಲಾಶ್ ಹಾಕಿದರೆ ಮುಂದಿನ ಸಾಲಿನಲ್ಲಿ ಕುಳಿತವರ ತಲೆಗಳು ಬೆಳಗಿದವು, ವೇಷಗಳು ಕತ್ತಲಲ್ಲಿ ಉಳಿದವು. ಅಂತಹ ಫ್ಲಾಶಿನ ಬೆಳಕು ಮೂರು ನಾಲ್ಕು ಮೀಟರಿನಾಚೆ ಬಲಗುಂದುತ್ತದೆ. ಫ್ಲಾಶ್ ತೆಗೆದರೆ ಧಿಗಿಣ ಹಾಕುವ ಹುಡುಗನ ಮುಖ ನೀರಿನಲ್ಲಿ ಕಲಸಿದ ಬಣ್ಣದಂತಾಯಿತು.

ಮರುವರ್ಷ ಹಳೆಯ ವಿದ್ಯಾರ್ಥಿಯೊಬ್ಬರು ಸಂಘಕ್ಕೆ ಒಂದು ಡಿ ೯೦ ಕ್ಯಾಮರಾವನ್ನೂ, ೫೦ ಮಿಲಿಮೀಟರಿನ, ಎಫ್ ೧.೮ ಎಂಬ ಗುರುತಿನ ಒಂದು ಲೆನ್ಸನ್ನೂ ಕೊಡುಗೆಯಾಗಿ ಕೊಟ್ಟರು. ಎಫ್ ಮುಂದಿನ ಅಂಕೆ ಸಣ್ಣದಾದಷ್ಟೂ ಲೆನ್ಸಿನ ಕಂಡಿ ದೊಡ್ಡದು. ಮೊದಲ ವರ್ಷ ನಾನು ತೆಗೆದದ್ದು ಎಫ್ ೫.೬ರಲ್ಲಿ, ಈಗ ಎಫ್ ೨ರಲ್ಲಿ. ೫.೬ನ್ನು ೨ರಿಂದ ಭಾಗಿಸಿದರೆ ೨.೮, ಅದರ ವರ್ಗ ಸುಮಾರು ೮. ಎಂದರೆ ಎಂಟು ಪಾಲು ಬೆಳಕು. ಸೆನ್ಸರು ದೊಡ್ಡದಾದ್ದರಿಂದ ಬೆಳಕಿನ ಸಂವೇದನೆಯನ್ನು ತೋರಿಸುವ ಐ.ಎಸ್.ಓ. ಅಂಕೆಯನ್ನು ೮೦೦ರಿಂದ ೧೬೦೦ಕ್ಕೆ ಏರಿಸಿದರೂ ಚಿತ್ರ ಕೆಡಲಿಲ್ಲ. ಅಲ್ಲಿ ಇನ್ನೊಂದು ಇಮ್ಮಡಿ. ಎರಡೂ ಸೇರಿ ಹದಿನಾರು ಪಾಲು. ಸೆಕೆಂಡಿನ ಹದಿನೈದರಲ್ಲಿ ಒಂದಂಶ ತೆರೆದಿರಬೇಕಾಗಿದ್ದ ಶಟರು ಇನ್ನೂರೈವತ್ತರಲ್ಲಿ ಒಂದಂಶಕ್ಕೆ ಮುಚ್ಚಿದರೂ ಸಾಕಾಯಿತು. ಹಾರಿದ ಹುಡುಗ ಹಾರಿದಲ್ಲಿಯೇ ನಿಂತ. ಕಿರೀಟದ ಮಣಿಗಳೂ ಎಣಿಸುವಂತೆ ಕಂಡವು.

ಪಿಕ್ಸೆಲ್ಲುಗಳ ಲೆಕ್ಕ

ಅಂಗಡಿಯವರು ಮೊದಲು ಹೇಳುವುದು ಮೆಗಾಪಿಕ್ಸೆಲ್ ಎಷ್ಟೆಂಬುದನ್ನು. ಈ ಅಂಕೆಗೆ ಮರುಳಾಗಬಾರದು. ೨೦೦೬ರಲ್ಲಿ ಬಂದ ನಿಕಾನ್ ಡಿ ೪೦ ಕ್ಯಾಮರಾದ್ದು ಆರೇ ಮೆಗಾಪಿಕ್ಸೆಲ್. ಅದರ ಚಿತ್ರದಲ್ಲಿ ಅಡ್ಡಲಾಗಿ ೩೦೦೮, ಉದ್ದಕ್ಕೆ ೨೦೦೦ ಬಿಂದುಗಳು. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ ೩೦೦ ಬಿಂದುಗಳು ಬೇಕೆಂದು ಹಿಡಿದರೂ ಹತ್ತಂಗುಲ ಅಗಲ, ಆರೂಮುಕ್ಕಾಲಂಗುಲಕ್ಕೆ ತುಸು ಕಡಮೆ ಎತ್ತರದ ಚಿತ್ರವಾಗುತ್ತದೆ. ಈ ವಾರ್ಷಿಕ ಸಂಚಿಕೆಯಂತಹ ಪುಟಕ್ಕೆ ಅದು ಧಾರಾಳ. ಹದಿನಾರು ಮೆಗಾಪಿಕ್ಸೆಲ್ ಎಂದು ಬರೆದ ಸಣ್ಣ ಕ್ಯಾಮರಾದ ಇರುಳಿನ ಚಿತ್ರಕ್ಕಿಂತ ಈ ಆರರದ್ದೇ ಹೆಚ್ಚು ಸ್ಪಷ್ಟವಾಗಿರುವುದುಂಟು.

ಭಾರವೂ ಅಭ್ಯಾಸವೂ

ಇಷ್ಟನ್ನು ಓದಿದವರು ‘ಹಾಗಾದರೆ ದೊಡ್ಡದೇ ಸರಿ’ ಎಂದು ತೀರ್ಮಾನಿಸಬಾರದು. ಡಿ ೯೦ರ ಒಡಲೇ ೬೨೦ ಗ್ರಾಂ. ಜೊತೆಗೆ ಬರುವ ಲೆನ್ಸನ್ನೂ ಸೇರಿಸಿದರೆ ಒಂದು ಕಿಲೋ ದಾಟುತ್ತದೆ. ಕಿಸೆ ಕ್ಯಾಮರಾ ಇನ್ನೂರು ಗ್ರಾಮಿನ ಆಸುಪಾಸು. ಒಂದು ಕಿಲೋ ಭಾರವೇನೂ ದೊಡ್ಡದಲ್ಲ. ಆದರೆ ಬೆಲೆಬಾಳುವ ದೊಡ್ಡ ವಸ್ತುವೆಂದೊಡನೆ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದು ನಮ್ಮ ಸ್ವಭಾವ.

೨೦೧೨ರ ಒಂದು ಮಧ್ಯಾಹ್ನ, ನಮ್ಮ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾಗಿದ್ದ ಹಿರಿಯ ಗುರುಗಳೊಬ್ಬರು ಯಾರಿಗೂ ತಿಳಿಸದೆ ಬಂದರು. ಹಲಸಿನ ಮರದಡಿಯಲ್ಲಿ ಕುಳಿತು ಮಕ್ಕಳಿಗೆ ಒಂದು ಗಂಟೆ ಕಾಲ ಕಥೆ ಹೇಳಿದರು. ಸಂಘದ ಕ್ಯಾಮರಾ ಕಚೇರಿಯ ಕಪಾಟಿನಲ್ಲಿತ್ತು. ಬೀಗದ ಕೈ ಸಭೆಗೆ ಹೋಗಿದ್ದ ಮುಖ್ಯೋಪಾಧ್ಯಾಯರ ಬಳಿಯಲ್ಲಿತ್ತು. ಒಳ್ಳೆಯ ಚಿತ್ರ ತೆಗೆಯುವ ಮೊಬೈಲು ಆಗಿನ್ನೂ ನಮ್ಮಲ್ಲಿ ಯಾರ ಕೈಯಲ್ಲಿಯೂ ಇರಲಿಲ್ಲ. ನನ್ನ ಹಳೆಯ ಕಿಸೆ ಕ್ಯಾಮರಾವನ್ನು ನಾನೇ ‘ಇನ್ನೇಕೆ’ ಎಂದು ಮನೆಯಲ್ಲಿ ಬಿಟ್ಟಿದ್ದೆ. ಕೆಲವು ತಿಂಗಳಲ್ಲಿ ಅವರು ತೀರಿಕೊಂಡರು. ಆ ಗುರುಗಳು ಮಕ್ಕಳ ನಡುವೆ ಕುಳಿತ ಚಿತ್ರವೊಂದೂ ನಮ್ಮಲ್ಲಿಲ್ಲ. ಚುಕ್ಕೆ ಬಿದ್ದ ಚಿತ್ರವಾದರೂ ಆಗಬಹುದಿತ್ತೆಂದು ಇಂದಿಗೂ ಅನಿಸುತ್ತದೆ.

ಮೊಬೈಲಿನ ವಿಚಾರ

ಈಗ ಮೊಬೈಲೇ ಇದೆಯಲ್ಲ ಎಂದು ಕೆಲವರು ಕೇಳುವರು. ನ್ಯಾಯವಾದ ಮಾತು. ಜಪಾನಿನ ತಯಾರಕರು ೨೦೧೦ರಲ್ಲಿ ಸುಮಾರು ೧೨ ಕೋಟಿ ಡಿಜಿಟಲ್ ಕ್ಯಾಮರಾಗಳನ್ನು ಮಾರುಕಟ್ಟೆಗೆ ಕಳುಹಿಸಿದ್ದರು. ಅವುಗಳಲ್ಲಿ ಹೆಚ್ಚಿನವು ಕಿಸೆಯವೇ. ೨೦೨೩ರಲ್ಲಿ ಎಲ್ಲ ಬಗೆಯವೂ ಸೇರಿ ೮೦ ಲಕ್ಷಕ್ಕಿಂತ ಕಡಮೆ. ಆ ಸ್ಥಾನವನ್ನು ತುಂಬಿದ್ದು ಮೊಬೈಲು. ಮೊಬೈಲಿನ ಸೆನ್ಸರು ಸಣ್ಣದಾದರೂ ಒಂದೇ ಕ್ಷಣದಲ್ಲಿ ಹಲವು ಚಿತ್ರಗಳನ್ನು ತೆಗೆದು, ಬೆರೆಸಿ, ಒಂದಾಗಿ ಮಾಡುತ್ತದೆ. ಆದುದರಿಂದ ಮನೆಯಲ್ಲಿ ಒಳ್ಳೆಯ ಮೊಬೈಲಿದ್ದರೆ ಸಾಮಾನ್ಯವಾದ ಕಿಸೆ ಕ್ಯಾಮರಾಕ್ಕೆ ಹಣ ಕೊಡುವುದು ವ್ಯರ್ಥ. ದೂರದ ಹಕ್ಕಿಯನ್ನು ಹತ್ತಿರಕ್ಕೆ ತರುವ ದೊಡ್ಡ ಜೂಮ್ ಉಳ್ಳದ್ದನ್ನಾಗಲಿ, ದೊಡ್ಡ ಸೆನ್ಸರು ಉಳ್ಳದ್ದನ್ನಾಗಲಿ ಮಾತ್ರ ಕೊಳ್ಳಬಹುದು. ೨೦೧೨ರ ಸೋನಿ ಆರ್‌ಎಕ್ಸ್ ೧೦೦ ಎರಡನೆಯ ಬಗೆಯದು: ತೂಕ ೨೪೦ ಗ್ರಾಂ, ಸೆನ್ಸರು ೧೩.೨ಕ್ಕೆ ೮.೮ ಮಿಲಿಮೀಟರ್, ಲೋಟಕ್ಕೂ ಪರಾತಕ್ಕೂ ನಡುವಣ ಒಂದು ತಂಬಿಗೆಯೆನ್ನಬಹುದು.

ಬಳಸಿದ್ದನ್ನು ಕೊಳ್ಳುವಾಗ

ಮೊದಲನೆಯದಾಗಿ, ಲೆನ್ಸಿನ ಒಂದು ತುದಿಯಿಂದ ಟಾರ್ಚು ಬಿಟ್ಟು ಇನ್ನೊಂದು ತುದಿಯಿಂದ ನೋಡಬೇಕು. ಜೇಡನ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ನಮ್ಮ ಕರಾವಳಿಯ ತೇವದಲ್ಲಿ ಈ ರೋಗ ಬಲು ಸಾಮಾನ್ಯ, ಅಂತಹುದನ್ನು ಕೊಳ್ಳಬೇಡಿರಿ.

ಎರಡನೆಯದಾಗಿ, ಶಟರು ಎಷ್ಟು ಸಲ ತೆರೆದಿದೆಯೆಂದು ಕೇಳಬೇಕು. ಡಿ ೯೦ರ ಶಟರನ್ನು ಒಂದು ಲಕ್ಷ ಸಲದವರೆಗೆ ಪರೀಕ್ಷಿಸಿದೆಯೆಂದು ತಯಾರಕರ ಹೇಳಿಕೆ. ನಿಕಾನ್ ಡಿ.ಎಸ್.ಎಲ್.ಆರ್.ಗಳಲ್ಲಿ ಈ ಎಣಿಕೆಯು ಸಾಮಾನ್ಯವಾಗಿ ಚಿತ್ರದ ಕಡತದೊಳಗೇ ದಾಖಲಾಗಿರುತ್ತದೆ. ಕಂಪ್ಯೂಟರ್ ಬಲ್ಲವರು ಓದಿ ಹೇಳಬಲ್ಲರು.

ಮೂರನೆಯದಾಗಿ, ಲೆನ್ಸು ಒಡಲಿಗೆ ಹೊಂದುವುದೇ ಎಂದು ನೋಡಬೇಕು. ಡಿ ೪೦ರ ಒಡಲಿನೊಳಗೆ ಫೋಕಸ್ ಮಾಡುವ ಮೋಟಾರಿಲ್ಲ, ಡಿ ೯೦ರಲ್ಲಿ ಇದೆ. ಹಳೆಯ ಅಗ್ಗದ ಲೆನ್ಸನ್ನು ಡಿ ೪೦ಕ್ಕೆ ತೊಡಿಸಿದರೆ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ.

ನಾಲ್ಕನೆಯದಾಗಿ, ಬ್ಯಾಟರಿ, ಚಾರ್ಜರ್, ಕಾರ್ಡು ಮೂರನ್ನೂ ಹಾಕಿಸಿ ಅಲ್ಲಿಯೇ ಇಪ್ಪತ್ತು ಚಿತ್ರ ತೆಗೆದು ನೋಡಬೇಕು. ೨೦೦೪ರ ಡಿ ೭೦ಯಂತಹವು ಕಾಂಪ್ಯಾಕ್ಟ್ ಫ್ಲಾಶ್ ಎಂಬ ಬೇರೆಯೇ ಕಾರ್ಡನ್ನು ಬೇಡುತ್ತವೆ.

ಕಿಸೆ ಕ್ಯಾಮರಾವಾದರೆ ಲೆನ್ಸು ಹತ್ತು ಸಲ ಹೊರಬಂದು ಒಳಸೇರುವುದನ್ನು ನೋಡಿರಿ. ಅದರ ಸಂದಿನಲ್ಲಿ ಮರಳು ಸಿಕ್ಕಿಕೊಂಡರೆ ಇಡೀ ಕ್ಯಾಮರಾವೇ ನಿಂತುಹೋದೀತು. ದೊಡ್ಡದರಲ್ಲಾದರೆ ಲೆನ್ಸೊಂದನ್ನೇ ಬದಲಿಸಬಹುದು. ಯಾವುದನ್ನೇ ಕೊಂಡರೂ ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇರಿಸಬೇಕು. ಚರ್ಮದ ಚೀಲದಲ್ಲಿ ಮುಚ್ಚಿಡುವುದೆಂದರೆ ಬೂಷ್ಟಿಗೆ ಬಿತ್ತನೆ ಮಾಡಿದಂತೆ.

ತೀರ್ಮಾನ

ಆ ತಂದೆಯವರನ್ನು ನಾನು ಕೇಳಿದ್ದು ಮೂರೇ ಪ್ರಶ್ನೆ. ಹುಡುಗ ತೆಗೆಯಬೇಕೆಂದಿರುವುದು ಏನನ್ನು? ಎಂತಹ ಬೆಳಕಿನಲ್ಲಿ? ದಿನವೂ ಹೊರುವವರು ಯಾರು? ಅವನಿಗೆ ಆಟ, ಮದುವೆ, ಜಾತ್ರೆಗಳ ಚಿತ್ರ ತೆಗೆಯುವ ಆಸೆ. ಮುಂದೆ ಸ್ಟುಡಿಯೋ ಒಂದರಲ್ಲಿ ಕೆಲಸ ಕಲಿಯುವ ಯೋಚನೆ. ಕಂಡಿ, ಶಟರು, ಐ.ಎಸ್.ಓ. ಮೂರನ್ನೂ ಕೈಯಿಂದ ತಿರುಗಿಸಿ ಕಲಿಯಲು ಹಳೆಯ ಡಿ.ಎಸ್.ಎಲ್.ಆರ್.ಗಿಂತ ಅಗ್ಗದ ಪಾಠಶಾಲೆಯಿಲ್ಲ. ಅದನ್ನೇ ಕೊಳ್ಳಿರೆಂದೆ. ಅಜ್ಜಿಯ ಚಿತ್ರ, ಮಗುವಿನ ಮೊದಲ ಹೆಜ್ಜೆ, ತೋಟದ ಕೆಲಸ ಇವಿಷ್ಟೇ ಬೇಕೆಂದಿದ್ದರೆ, ಅಡುಗೆಮನೆಯ ಗೂಡಿನಲ್ಲಿ ಎಲ್ಲರ ಕೈಗೂ ಸಿಗುವ ಸಣ್ಣದನ್ನೇ ಹೇಳುತ್ತಿದ್ದೆ. ಒಳ್ಳೆಯ ಮೊಬೈಲಿದ್ದರೆ ಅದನ್ನೂ ಬೇಡವೆನ್ನುತ್ತಿದ್ದೆ. ಹಾಸಿಗೆಯಿದ್ದಷ್ಟು ಕಾಲು ಚಾಚುವುದು ಮಾತ್ರವಲ್ಲ, ಮಲಗುವವರು ಯಾರೆಂದು ನೋಡಿ ಹಾಸಿಗೆ ಹಾಸುವುದೂ ಬುದ್ಧಿವಂತಿಕೆ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ನಮ್ಮ ಕಚೇರಿಯ ಗೋಡೆಯಲ್ಲಿ ಶಾಲೆಯ ಹಳೆಯ ತರಗತಿಯೊಂದರ ಚಿತ್ರವಿದೆ. ಮೂರು ಸಾಲು ಮಕ್ಕಳು, ನಡುವೆ ಪೇಟ ತೊಟ್ಟ ಉಪಾಧ್ಯಾಯರು. ಕ್ಯಾಮರಾ ಒಳ್ಳೆಯದಿದ್ದಿರಬೇಕು, ಅಂಗಿಯ ಗುಂಡಿಗಳೂ ಕಾಣುತ್ತವೆ. ಆದರೆ ಅವರು ಯಾರೆಂದು ಹೇಳಬಲ್ಲವರು ಈಗ ಒಬ್ಬರೂ ಇಲ್ಲ. ನೀವು ಯಾವ ಕ್ಯಾಮರಾದಿಂದಾದರೂ ತೆಗೆಯಿರಿ. ಆ ದಿನವೇ ಹೆಸರು, ಊರು, ತಾರೀಕುಗಳನ್ನು ಕನ್ನಡದಲ್ಲಿ ಬರೆದಿಡಿರಿ, ಮುಖ್ಯವಾದವನ್ನು ಕಾಗದದ ಮೇಲೆ ಮುದ್ರಿಸಿ ಒಂದು ಪ್ರತಿಯನ್ನು ಶಾಲೆಗೆ ತಂದುಕೊಡಿರಿ. ಅದಕ್ಕೆ ಬೇಕಾದ ಕಪಾಟು ನಮ್ಮಲ್ಲಿದೆ. ಅದಕ್ಕೆ ನಾವು ಬೀಗ ಹಾಕುವುದಿಲ್ಲ.