ದನಿಯ ಮೈಬಣ್ಣ

ಹಾಡುವವನನ್ನು ಕಾಣದೆ ಹಾಡನ್ನಷ್ಟೇ ಕೇಳುವಾಗ ನಮ್ಮ ಮನಸ್ಸು ಸುಮ್ಮನಿರುವುದಿಲ್ಲ. ಆ ದನಿಗೆ ಒಪ್ಪುವ ಮುಖವೊಂದನ್ನು ತಾನೇ ಚಿತ್ರಿಸಿಕೊಳ್ಳುತ್ತದೆ. ರೇಡಿಯೋದಲ್ಲಿ ವರ್ಷಗಟ್ಟಲೆ ಕೇಳಿದ ಗಾಯಕರನ್ನು ಕಚೇರಿಯಲ್ಲಿ ಮೊದಲ ಸಲ ಕಂಡು, ‘ಇವರೇ ಅವರೇ?’ ಎಂದು ಬೆರಗಾಗದವರು ಕಡಮೆ. ಸಾಧಾರಣವಾಗಿ ಇದು ನಕ್ಕು ಮರೆಯುವ ಸಂಗತಿ. ಆದರೆ ಒಮ್ಮೆ ನಾನು ಹೀಗೆ ಚಿತ್ರಿಸಿಕೊಂಡ ಮುಖ ನನ್ನನ್ನೇ ನಾಚಿಸಿತು.

ಅಮೆರಿಕದಲ್ಲಿ ಹಲವು ವರ್ಷ ಅಧ್ಯಾಪಕರಾಗಿದ್ದು ಮೈಸೂರಿಗೆ ಮರಳಿದ ಗೆಳೆಯರೊಬ್ಬರು ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಜೋಪಾನವಾಗಿ ಕೂಡಿಟ್ಟಿದ್ದಾರೆ. ಒಂದು ಸಂಜೆ ಅವರು ಹೆಸರನ್ನೂ ಹೇಳದೆ, ರಟ್ಟಿನ ಹೊದಿಕೆಯನ್ನೂ ತೋರಿಸದೆ ಒಂದು ತಟ್ಟೆಯನ್ನು ಹಾಕಿದರು. ತುಂಬು ಗಂಡುದನಿ, ಅಂಚಿನಲ್ಲಿ ತುಸು ಅನುನಾಸಿಕ, ಪದಗಳನ್ನು ಎಳೆದು ಮೆಲ್ಲನೆ ಕೆಳಗಿರಿಸುವ ರೀತಿ. ಅದರ ಹಿಂದೆ ಗಿಟಾರಿನ ನಡೆ. ಸಾಲ, ಸೆರೆಮನೆ, ರೈಲುಗಾಡಿ, ಬಿಟ್ಟುಬಂದ ಊರು, ಕೈಬಿಟ್ಟ ಹೆಣ್ಣು ಇವೇ ಹಾಡಿನ ವಸ್ತು. ಅಮೆರಿಕದ ದಕ್ಷಿಣ ಸೀಮೆಯ ‘ಕಂಟ್ರಿ’ ಸಂಗೀತವೆಂದು ತಿಳಿಯಲು ತಡವಾಗಲಿಲ್ಲ. ಅಗಲ ಅಂಚಿನ ಟೋಪಿಯಿಟ್ಟು, ಬಿಸಿಲಿಗೆ ಕೆಂಪಾದ ಕತ್ತಿನ ಬಿಳಿಯ ಒಕ್ಕಲಿಗನೊಬ್ಬ ನನ್ನ ಕಣ್ಣ ಮುಂದೆ ನಿಂತನು. ಅಷ್ಟರಲ್ಲಿ ಗೆಳೆಯರು ಹೊದಿಕೆಯನ್ನು ನನ್ನ ಕೈಗಿತ್ತರು. ಅದರ ಮೇಲಿದ್ದುದು ಕಪ್ಪು ವರ್ಣದ ಯುವಕನೊಬ್ಬನ ಭಾವಚಿತ್ರ. ‘ಕಂಟ್ರಿ ಚಾರ್ಲಿ ಪ್ರೈಡ್’ ಎಂದು ತಟ್ಟೆಯ ಹೆಸರು; ಆರ್‌ಸಿಎ ವಿಕ್ಟರ್ ಕಂಪನಿಯು 1966ರಲ್ಲಿ ಹೊರತಂದದ್ದು; ಆತನ ಮೊದಲ ಆಲ್ಬಂ.

ನನ್ನ ತಪ್ಪು ನನ್ನದು ಮಾತ್ರವಾಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಅಮೆರಿಕದಲ್ಲೇ ಸಹಸ್ರಾರು ಜನ ಆ ತಪ್ಪನ್ನು ಮಾಡಿದ್ದರು. ಮಾಡಲೆಂದೇ ಕಂಪನಿ ಹಾದಿ ಮಾಡಿಕೊಟ್ಟಿತ್ತು. ಆಲ್ಬಂ ಬರುವ ಮುನ್ನ, ಅದೇ ವರ್ಷದ ಆರಂಭದಲ್ಲಿ ಪ್ರೈಡನ ಮೊದಲ ಬಿಡಿ ಹಾಡನ್ನು ರೇಡಿಯೋ ನಿಲಯಗಳಿಗೆ ಕಳುಹಿಸಿದಾಗ, ಹೊಸ ಗಾಯಕನೊಡನೆ ವಾಡಿಕೆಯಂತೆ ಹೋಗಬೇಕಾದ ಭಾವಚಿತ್ರ ಹೋಗಲಿಲ್ಲ. ಹೆಸರಿನ ಹಿಂದೆ ಮಾತ್ರ ‘ಕಂಟ್ರಿ’ ಎಂಬ ವಿಶೇಷಣವನ್ನು ಹಚ್ಚಿದರು. ಬೇರೆ ಯಾರಿಗೂ ಬೇಕಿಲ್ಲದ ಪ್ರಮಾಣಪತ್ರ ಇವನಿಗೆ ಬೇಕಾಯಿತು! ಇದನ್ನು ಜಾಣತನವೆನ್ನಬೇಕೋ ಅಂಜಿಕೆಯೆನ್ನಬೇಕೋ ನಾನರಿಯೆ; ಎರಡೂ ಇದ್ದಿರಬಹುದು. ಕಪ್ಪು ಜನರಿಗೆ ಮತದಾನದ ಹಕ್ಕನ್ನು ಭದ್ರಪಡಿಸಿದ ಕಾನೂನು 1965ರದು. ಅದರ ಮಸಿ ಇನ್ನೂ ಆರಿರಲಿಲ್ಲ.

ಸಂಗೀತಕ್ಕೆ ಈ ಬೇಲಿ ಹುಟ್ಟಿನಿಂದ ಬಂದದ್ದಲ್ಲ, ಅಂಗಡಿಯಿಂದ ಬಂದದ್ದು. 1920ರ ದಶಕದಲ್ಲಿ ಧ್ವನಿಮುದ್ರಣದ ಕಂಪನಿಗಳು ದಕ್ಷಿಣದ ಹಾಡುಗಳನ್ನು ಮಾರತೊಡಗಿದಾಗ ಎರಡು ಪಟ್ಟಿಗಳನ್ನು ಮಾಡಿದವು: ಕಪ್ಪು ಗಿರಾಕಿಗಳಿಗೆ ‘ರೇಸ್’ ತಟ್ಟೆಗಳು, ಬಿಳಿಯರಿಗೆ ‘ಹಿಲ್‌ಬಿಲಿ’ ತಟ್ಟೆಗಳು. ಹಾಡುಗಳಾದರೋ ಅದಕ್ಕೆ ಮೊದಲೂ ಅನಂತರವೂ ಬೇಲಿಯನ್ನು ನುಸುಳುತ್ತಲೇ ಇದ್ದುವು. ಕಂಟ್ರಿ ಸಂಗೀತದ ಗುರುತೇ ಎನಿಸಿದ ಬ್ಯಾಂಜೋ ವಾದ್ಯದ ಮೂಲವನ್ನು ಆಫ್ರಿಕದಿಂದ ಹಿಡಿದು ತಂದ ಗುಲಾಮರಲ್ಲಿ ಹುಡುಕಬೇಕು. ಈ ಸಂಗೀತದ ಆದಿಪುರುಷರಲ್ಲಿ ಒಬ್ಬನಾದ ಜಿಮ್ಮಿ ರಾಜರ್ಸ್ 1930ರಲ್ಲಿ ಹಾಡಿದ ಒಂದು ಹಾಡಿಗೆ ತುತ್ತೂರಿ ನುಡಿಸಿದವನು ಲೂಯಿ ಆರ್ಮ್‌ಸ್ಟ್ರಾಂಗ್. ನ್ಯಾಷ್‌ವಿಲ್ ನಗರದ ರೇಡಿಯೋದಲ್ಲಿ ಶನಿವಾರ ರಾತ್ರಿ ಬರುತ್ತಿದ್ದ ‘ಗ್ರ್ಯಾಂಡ್ ಓಲ್ ಒಪ್ರಿ’ಯ ಮೊದಮೊದಲ ಜನಪ್ರಿಯ ಕಲಾವಿದರಲ್ಲಿ ಮೌತ್ ಆರ್ಗನ್ ನುಡಿಸುವ ಡಿಫೋರ್ಡ್ ಬೇಲಿಯೆಂಬ ಕಪ್ಪು ವರ್ಣದವನಿದ್ದನು, 1941ರಲ್ಲಿ ಅವನನ್ನು ಕೆಲಸದಿಂದ ತೆಗೆದರು.

ಆ ಒಪ್ರಿಯನ್ನು ಕೇಳುತ್ತ ಬೆಳೆದವನು ಚಾರ್ಲಿ ಪ್ರೈಡ್. ಮಿಸಿಸಿಪಿಯ ಸ್ಲೆಜ್ ಎಂಬ ಪುಟ್ಟ ಊರಿನಲ್ಲಿ 1934ರಲ್ಲಿ ಹುಟ್ಟಿದನು. ಹನ್ನೊಂದು ಮಕ್ಕಳಲ್ಲಿ ಒಬ್ಬ. ತಂದೆ ಪರರ ಹೊಲವನ್ನು ಪಾಲಿಗೆ ಮಾಡುವ ರೈತ. ಇಟ್ಟ ಹೆಸರು ಚಾರ್ಲ್ ಅಂತೆ. ಜನನಪತ್ರ ಬರೆದವರ ಕೈತಪ್ಪಿನಿಂದ ಚಾರ್ಲಿಯಾಯಿತು. ಹುಡುಗ ಹಗಲು ಹತ್ತಿ ಬಿಡಿಸುತ್ತಿದ್ದನು. ಶನಿವಾರ ಇರುಳು ಅಪ್ಪ ರೇಡಿಯೋ ತಿರುಗಿಸುತ್ತಿದ್ದನು. ಗಾಳಿಯಲ್ಲಿ ತೇಲಿಬರುವ ದನಿಗೆ ಮೈಬಣ್ಣವೆಲ್ಲಿ? ಒಡಹುಟ್ಟಿದವರೇ, ‘ಅವರ ಹಾಡು ನಿನಗೇಕೆ?’ ಎಂದು ಕೇಳಿದ್ದುಂಟಂತೆ. ಕೇಳಿ ಕಲಿತದ್ದು ಅದೇ ಆಗಿರುವಾಗ ಅದು ‘ಅವರದು’ ಆದುದಾದರೂ ಹೇಗೆ?

ಆದರೆ ಆತ ಹೊಲದಿಂದ ಬಿಡುಗಡೆಯ ದಾರಿಯಾಗಿ ಆರಿಸಿಕೊಂಡದ್ದು ಹಾಡನ್ನಲ್ಲ, ಬೇಸ್‌ಬಾಲ್ ಆಟವನ್ನು. ಕಪ್ಪು ಆಟಗಾರರಿಗೆಂದೇ ಇದ್ದ ನೀಗ್ರೋ ಅಮೆರಿಕನ್ ಲೀಗಿನಲ್ಲಿ ಮೆಂಫಿಸ್ ರೆಡ್ ಸಾಕ್ಸ್ ತಂಡದ ಚೆಂಡೆಸೆತಗಾರನಾಗಿದ್ದನು. ಒಮ್ಮೆ ತಂಡವೊಂದು ತನ್ನನ್ನೂ ಇನ್ನೊಬ್ಬನನ್ನೂ ಕೊಟ್ಟು ಬದಲಿಗೆ ಬಸ್ಸು ಕೊಂಡಿತೆಂದು ತಾನೇ ನಗುತ್ತ ಹೇಳಿಕೊಳ್ಳುತ್ತಿದ್ದನು. ಅನಂತರ ಉತ್ತರದ ಮೊಂಟಾನಾ ಸಂಸ್ಥಾನಕ್ಕೆ ಹೋಗಿ, ಹೆಲೆನಾ ಬಳಿಯ ಲೋಹ ಕರಗಿಸುವ ಕಾರ್ಖಾನೆಯಲ್ಲಿ ಕೂಲಿಗೆ ನಿಂತನು. ಕಾರ್ಖಾನೆಯ ತಂಡದಲ್ಲಿ ಆಡಿದರೆ ಹತ್ತು ಡಾಲರು, ಆಟದ ಮುಂಚೆ ಹಾಡಿದರೆ ಇನ್ನೂ ಹತ್ತು. 1963ರಲ್ಲಿ ದೊಡ್ಡ ತಂಡವೊಂದು ಆತನನ್ನು ಒಲ್ಲೆನೆಂದಿತು; ಹಿಂದಿರುಗುವ ದಾರಿಯಲ್ಲಿ ನ್ಯಾಷ್‌ವಿಲ್ಲಿನಲ್ಲಿ ಇಳಿದನು. ಮುಂದೆ ಜ್ಯಾಕ್ ಕ್ಲೆಮೆಂಟನು ಹಾಡಿಸಿ ಮುದ್ರಿಸಿಕೊಂಡನು. ಪ್ರಸಿದ್ಧ ಗಿಟಾರ್ ವಾದಕನೂ ಆರ್‌ಸಿಎ ಕಂಪನಿಯ ಅಧಿಕಾರಿಯೂ ಆಗಿದ್ದ ಚೆಟ್ ಅಟ್ಕಿನ್ಸ್ ಆ ಮುದ್ರಣವನ್ನು ಮೇಲಿನವರಿಗೆ ಮೊದಲು ಕೇಳಿಸಿ, ಅವರು ತಲೆದೂಗಿದ ಮೇಲೆ ಭಾವಚಿತ್ರವನ್ನು ತೋರಿಸಿದನೆಂದು ಹೇಳುತ್ತಾರೆ. ಗೆಳೆಯರು ನನ್ನ ಮೇಲೆ ಪ್ರಯೋಗಿಸಿದ್ದೂ ಇದೇ ಯುಕ್ತಿ.

ಇನ್ನು ಆಲ್ಬಮಿನ ಮಾತು. ಹನ್ನೆರಡು ಹಾಡುಗಳಲ್ಲಿ ಬಹಳಷ್ಟು ಅನ್ಯರು ಆಗಲೇ ಹಾಡಿ ಹೆಸರು ಮಾಡಿದವು. ಜಾನಿ ಕ್ಯಾಷನ ‘ಫೋಲ್ಸಮ್ ಪ್ರಿಸನ್ ಬ್ಲೂಸ್’ ಇದೆ. ಜಿಮ್ ರೀವ್ಸ್ ತೀರಿಕೊಂಡ ಮೇಲೆ ಪ್ರಸಿದ್ಧವಾದ ‘ಡಿಸ್ಟೆಂಟ್ ಡ್ರಮ್ಸ್’ ಇದೆ. ಸಾಲದಲ್ಲಿ ಮುಳುಗಿದ ಬಡವನ ‘ಬಸ್ಟೆಡ್’ ಇದೆ. ಇದನ್ನು ಹೊಸತನದ ಕೊರತೆಯೆಂದು ಕೆಲವರು ಹಳಿಯಬಹುದು. ನನಗೆ ಹಾಗೆ ತೋರಲಿಲ್ಲ. ಹೊಸ ವಿದ್ವಾಂಸನು ಮೊದಲ ಕಚೇರಿಯಲ್ಲಿ ಎಲ್ಲರೂ ಬಲ್ಲ ಕೃತಿಗಳನ್ನೇ ಹಾಡಿ ತನ್ನ ಶಾರೀರವನ್ನು ಒಪ್ಪಿಸಬೇಕಲ್ಲವೇ? ಹೋಲಿಸಿ ನೋಡಿ ಎಂದು ತಾನೇ ತಕ್ಕಡಿಯಲ್ಲಿ ಕುಳಿತುಕೊಳ್ಳುವ ಧೈರ್ಯವದು. ಎಲ್ಲವೂ ಸಮನಾಗಿವೆ ಎನ್ನಲಾರೆ. ಸೆರೆಮನೆಯ ಹಾಡಿನಲ್ಲಿ ಕ್ಯಾಷನ ದನಿಯ ಕತ್ತಲು ಇವನಿಗೆ ಬಾರದು. ಇವನ ಕಂಠ ಸ್ವಭಾವತಃ ಬೆಚ್ಚನೆಯದು.

ಆದರೆ ‘ಡಿಟ್ರಾಯಿಟ್ ಸಿಟಿ’ಯನ್ನು ಮರೆಯಲಾರೆ. ದಕ್ಷಿಣದ ಹಳ್ಳಿಗನೊಬ್ಬ ಡಿಟ್ರಾಯಿಟಿಗೆ ಹೋಗಿ ಹಗಲು ಮೋಟಾರು ಕಾರುಗಳನ್ನು ಕಟ್ಟುತ್ತಾನೆ, ಇರುಳು ಕುಡಿಯುತ್ತಾನೆ, ಊರವರಿಗೆ ಸುಖವಾಗಿದ್ದೇನೆಂದು ನಂಬಿಸುತ್ತಾನೆ. ಕನಸಿನಲ್ಲಿ ಮಾತ್ರ ಊರಿನ ಹತ್ತಿಯ ಹೊಲ. ಬಾಬಿ ಬೇರ್ 1963ರಲ್ಲಿ ಇದನ್ನು ಹಾಡಿ ಗೆದ್ದಿದ್ದನು. ಬಿಳಿಯ ಗಾಯಕನ ಬಾಯಲ್ಲಿ ಹತ್ತಿಯ ಹೊಲವು ತವರಿನ ನೆನಪು. ಆ ಹೊಲದಲ್ಲಿ ಬೆನ್ನು ಬಗ್ಗಿಸಿ, ಅದರಿಂದ ತಪ್ಪಿಸಿಕೊಳ್ಳಲೆಂದೇ ಚೆಂಡೆಸೆದವನ ಬಾಯಲ್ಲಿ ಅದೇನು? ಮಿಸಿಸಿಪಿಯಿಂದ ಡಿಟ್ರಾಯಿಟಿಗೆ ಹೋದ ಅಸಂಖ್ಯ ಕಪ್ಪು ಕುಟುಂಬಗಳಿಗೆ ಅದೇನು? ವ್ಯಂಗ್ಯದ ಎಳೆಯೊಂದು ದನಿಯಲ್ಲಿ ಸಿಕ್ಕೀತೆಂದು ಕಿವಿಗೊಟ್ಟು ಕಾದೆ. ಸಿಗಲಿಲ್ಲ. ಆತ ಕಪಟವಿಲ್ಲದೆ, ಊರನ್ನು ನಿಜವಾಗಿ ಹಂಬಲಿಸುವವನಂತೆ ಹಾಡುತ್ತಾನೆ. ಮನುಷ್ಯನು ತನ್ನನ್ನು ನೋಯಿಸಿದ ನೆಲವನ್ನೂ ಹಂಬಲಿಸಬಲ್ಲನೆಂಬುದನ್ನು ನಾನೇ ಮರೆತಿದ್ದೆ.

ವಿಚಿತ್ರವೆಂದರೆ, ಆತನ ಪರೀಕ್ಷೆ ನಡೆದದ್ದೂ ಆ ಊರಿನಲ್ಲೇ. 1966ರಲ್ಲಿ ಡಿಟ್ರಾಯಿಟಿನ ಒಲಿಂಪಿಯಾ ಕ್ರೀಡಾಂಗಣದಲ್ಲಿ ಸುಮಾರು ಹತ್ತು ಸಾವಿರ ಜನ ನೆರೆದಿದ್ದರು. ರೇಡಿಯೋದಲ್ಲಿ ಕೇಳಿದ ಹೆಸರನ್ನು ಕೂಗಿದೊಡನೆ ಚಪ್ಪಾಳೆ ಭೋರ್ಗರೆಯಿತು. ಆತ ಬೆಳಕಿಗೆ ಬಂದೊಡನೆ ಅದು ಇಳಿದಿಳಿದು ನಿಶ್ಶಬ್ದವಾಯಿತು. ತನ್ನ ಮೈಯ ಬಣ್ಣ ಬಿಸಿಲಿನಿಂದ ಬಂದು ಬಿಡದೆ ಉಳಿದದ್ದೆಂಬ ಅರ್ಥದ ವಿನೋದದ ಮಾತನ್ನಾಡಿ, ಜನ ನಕ್ಕ ಮೇಲೆ ಹಾಡಿದನು. ಅವರು ಮತ್ತೆ ಚಪ್ಪಾಳೆ ತಟ್ಟಿದರು. ಆ ವಿನೋದವನ್ನು ಓದಿದಾಗ ನನಗೆ ನಗು ಬರಲಿಲ್ಲ. ಹಾಡುವ ಮೊದಲು ತನ್ನ ಚರ್ಮಕ್ಕಾಗಿ ಸಮಾಧಾನ ಹೇಳಬೇಕಾದ ಗಾಯಕನು ಎಷ್ಟು ಒಂಟಿ!

ಮುಂದಿನದೆಲ್ಲ ಕೀರ್ತಿಯ ಕಥೆ. 1967ರ ಜನವರಿಯಲ್ಲಿ ಅಪ್ಪನ ರೇಡಿಯೋದ ಒಪ್ರಿ ವೇದಿಕೆಯಲ್ಲೇ ಹಾಡಿದನು. 1971ರಲ್ಲಿ ಕಂಟ್ರಿ ಸಂಗೀತ ಸಂಘದ ವರ್ಷದ ಕಲಾವಿದನಾದನು. ಒಪ್ರಿಯ ಸದಸ್ಯತ್ವ ಮಾತ್ರ 1993ರವರೆಗೆ ಕಾಯಿತು. 2020ರ ಡಿಸೆಂಬರಿನಲ್ಲಿ ಕೋವಿಡ್ ಬೇನೆಯಿಂದ ತೀರಿಕೊಂಡನು.

ತಟ್ಟೆ ಮುಗಿದು ಮುಳ್ಳು ಒಳಗೀರಿನಲ್ಲಿ ಕರಕರನೆ ಸುತ್ತುತ್ತಿತ್ತು. ಗೆಳೆಯರು ಎದ್ದು ಹೋಗಿ ಅದನ್ನು ಮತ್ತೆ ಡಿಟ್ರಾಯಿಟಿನ ಹಾಡಿಗೆ ತಂದಿರಿಸಿದರು. ಈ ಸಲ ಹೊದಿಕೆ ನನ್ನ ತೊಡೆಯ ಮೇಲಿತ್ತು. ಒಳಗಿನಿಂದ ಅವರ ತಾಯಿ, ‘ಯಾರಪ್ಪ ಅವನು, ಊರು ಬಿಟ್ಟು ಬಂದವನ ಹಾಗೆ ಹಾಡುತ್ತಾನಲ್ಲ!’ ಎಂದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.